ಈಕ್ವೆಡಾರ್‌ನಲ್ಲಿ ಹಮ್ಮಿಂಗ್ ಬರ್ಡ್ ಗುರುತಿಸುವುದು ಹೇಗೆ: ಬಣ್ಣಕ್ಕೂ ಮೊದಲು ಎತ್ತರ ನೋಡಿ

ನಮ್ಮ ದಾಸವಾಳದ ಗಿಡಕ್ಕೆ ಬರುವುದು ಸೂರಕ್ಕಿ. ಮುಸ್ಸಂಜೆಯಲ್ಲಿ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಹೀರುವುದು ಹಾಕ್ ಮಾತ್ ಪತಂಗ. ಎರಡನ್ನೂ ಹಮ್ಮಿಂಗ್ ಬರ್ಡ್ ಎಂದು ಹೇಳುವವರಿದ್ದಾರೆ, ಆದರೆ ಆ ಹಕ್ಕಿ ಭಾರತದಲ್ಲಿಲ್ಲ. ಅದರ 360ಕ್ಕೂ ಹೆಚ್ಚು ಜಾತಿಗಳೆಲ್ಲ ಅಮೆರಿಕ ಖಂಡಗಳಲ್ಲೇ ಇವೆ. ಕರ್ನಾಟಕದ ಸುಮಾರು ಒಂದೂವರೆ ಪಟ್ಟು ವಿಸ್ತೀರ್ಣದ ಈಕ್ವೆಡಾರ್ ಒಂದರಲ್ಲೇ 130ರ ಆಸುಪಾಸು ಜಾತಿಗಳು ಸಿಗುತ್ತವೆ.

ಇಷ್ಟೊಂದು ಇರುವುದಕ್ಕೆ ಕಾರಣ ಆಂಡೀಸ್ ಪರ್ವತಗಳು. ದೇಶದ ನಡುವೆ ಉತ್ತರ ದಕ್ಷಿಣವಾಗಿ ಹಾದಿರುವ ಈ ಸಾಲಿಗೆ ಪಶ್ಚಿಮದ ಇಳಿಜಾರು ಬೇರೆ, ಪೂರ್ವದ್ದು ಬೇರೆ. ಒಂದೇ ಇಳಿಜಾರಿನಲ್ಲೂ ಕೆಲವು ನೂರು ಮೀಟರ್ ಏರಿದರೆ ಹೂಗಳು ಬದಲಾಗುತ್ತವೆ, ಜೊತೆಗೆ ಹಕ್ಕಿಗಳೂ.

ಹೊಸಬರು ಎಡವುವುದು ಬಣ್ಣದಲ್ಲಿ. ಗಂಟಲಿನ ಆ ಹೊಳಪು ಗರಿಗೆ ಹಚ್ಚಿದ ಬಣ್ಣದಂಥದ್ದಲ್ಲ, ಗರಿಯ ಸೂಕ್ಷ್ಮ ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಹುಟ್ಟುವಂಥದ್ದು. ಈಗ ಪಚ್ಚೆಯಾಗಿ ಕಂಡ ಹಕ್ಕಿ ಕತ್ತು ಹೊರಳಿಸಿದರೆ ಇದ್ದಿಲ ಹಾಗೆ ಕಪ್ಪು. ಆದ್ದರಿಂದ ನಿಂತಿರುವುದು ಯಾವ ಇಳಿಜಾರು, ಎಷ್ಟು ಮೀಟರ್ ಎತ್ತರ ಎಂಬುದನ್ನು ಮೊದಲು ಬರೆದುಕೊಳ್ಳಿ. ಆಮೇಲೆ ಬಾಲದ ಆಕಾರ, ಕೊಕ್ಕಿನ ಉದ್ದ ಮತ್ತು ಬಾಗು, ಕೂರುವ ರೀತಿ. ಬಣ್ಣ ಕೊನೆಗೆ.

ರ‍್ಯಾಕೆಟ್-ಟೇಲ್ ಎಂಬ ಹಮ್ಮಿಂಗ್ ಬರ್ಡ್ ಇದಕ್ಕೆ ಒಳ್ಳೆಯ ಪಾಠ. ಹೆಬ್ಬೆರಳಿನಷ್ಟು ಮೈ, ಬಾಲದಿಂದ ಹೊರಟ ಎರಡು ಬರಿ ಕಡ್ಡಿ, ಅವುಗಳ ತುದಿಗೆ ಒಂದೊಂದು ಪುಟ್ಟ ಬಿಲ್ಲೆ. ಕಾಲನ್ನು ಗಮನಿಸಿ: ಹತ್ತಿಯ ಉಂಡೆಯಂಥ ಪುಕ್ಕ ಬಿಳಿಯಾಗಿದ್ದರೆ ಅದು ಪಶ್ಚಿಮದ್ದು, ಕಂದುಗೆಂಪಾಗಿದ್ದರೆ ಪೂರ್ವದ್ದು. ಹೆಣ್ಣಿಗೆ ಈ ಬಿಲ್ಲೆಗಳೇ ಇರುವುದಿಲ್ಲ, ಹಾಗಾಗಿ ಅದನ್ನು ಬೇರೆ ಜಾತಿ ಎಂದು ಬರೆದುಕೊಳ್ಳುವ ತಪ್ಪು ಬಹಳ ಸಾಮಾನ್ಯ. ಉದ್ದ ಬಾಲದ ಸಿಲ್ಫ್‌ಗಳ ಲೆಕ್ಕವೂ ಹೀಗೇ: ವಯೊಲೆಟ್-ಟೇಲ್ಡ್ ಸಿಲ್ಫ್ ಪಶ್ಚಿಮಕ್ಕೆ, ಲಾಂಗ್-ಟೇಲ್ಡ್ ಸಿಲ್ಫ್ ಪೂರ್ವಕ್ಕೆ.

ನಡವಳಿಕೆಯೂ ಗುರುತು ಹೇಳುತ್ತದೆ. ಕೂತ ತಕ್ಷಣ ಎರಡೂ ರೆಕ್ಕೆಗಳನ್ನು ಒಂದು ಕ್ಷಣ ಮೇಲೆತ್ತಿ ಹಿಡಿದರೆ ಅದು ಕೊರೊನೆಟ್. ದುಂಬಿಯ ಹಾಗೆ ನಿಧಾನಕ್ಕೆ ತೇಲಿಕೊಂಡು ಬಂದರೆ ವುಡ್‌ಸ್ಟಾರ್. ಮೈಗಿಂತ ಕೊಕ್ಕೇ ಉದ್ದವಾಗಿದ್ದು, ಕೂತಾಗ ಅದನ್ನು ಮೇಲ್ಮುಖವಾಗಿ ಹಿಡಿದಿದ್ದರೆ ಸೋರ್ಡ್-ಬಿಲ್ಡ್. ಇದಕ್ಕೆ ಗೊಂದಲವೇ ಬೇಡ.

ಸುತ್ತಾಟದ ಕ್ರಮ ಮುಖ್ಯ. ರಾಜಧಾನಿ ಕೀಟೊ 2,850 ಮೀಟರ್ ಎತ್ತರದಲ್ಲಿದೆ. ಬಂದಿಳಿದ ಮರುದಿನವೇ ಇನ್ನೂ ಮೇಲೆ ಹೋದರೆ ತಲೆನೋವು, ವಾಕರಿಕೆಯಲ್ಲಿ ದಿನ ಹಾಳು. ಮೊದಲು ಕೆಳಗಿಳಿದು, ರಸ್ತೆಯಲ್ಲಿ ಸುಮಾರು ಎರಡು ಗಂಟೆ ದೂರದ ಮಿಂಡೊಗೆ (ಸುಮಾರು 1,250 ಮೀಟರ್) ಹೋಗಿ. ಅಲ್ಲಿಂದ ತಂದಾಯಪ ಕಣಿವೆಯ ಮೋಡದ ಕಾಡು. ವೆಲ್ವೆಟ್-ಪರ್ಪಲ್ ಕೊರೊನೆಟ್ ಈ ಪಶ್ಚಿಮದ ಕಡೆ ಮಾತ್ರ ಸಿಗುತ್ತದೆ. ಮೈ ಒಗ್ಗಿದ ಮೇಲೆ ಪಿಚಿಂಚಾ ಜ್ವಾಲಾಮುಖಿಯ ಮಗ್ಗುಲಿನ ಯಾನಾಕೋಚ (ಸುಮಾರು 3,500 ಮೀಟರ್), ಸೋರ್ಡ್-ಬಿಲ್ಡ್‌ಗೆ ಹೆಸರಾದ ಜಾಗ. ಕೊನೆಗೆ 4,000 ಮೀಟರ್ ಎತ್ತರದ ಪಾಪಯಾಕ್ತ ಕಣಿವೆದಾರಿ ದಾಟಿ ಪೂರ್ವದ ಇಳಿಜಾರಿಗೆ ಇಳಿಯಿರಿ.

ಲಾಡ್ಜ್‌ಗಳಲ್ಲಿ ಸಕ್ಕರೆ ನೀರಿನ ಫೀಡರ್ ತೂಗಿಸಿರುತ್ತಾರೆ. ಎರಡು ಮೀಟರ್ ದೂರದಲ್ಲಿ ಅಲುಗಾಡದೆ ಐದು ನಿಮಿಷ ನಿಂತರೆ ಹಕ್ಕಿಗಳು ನಿಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ದುರ್ಬೀನು 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು) ಸಾಕು, ಆದರೆ ಎರಡು ಮೀಟರ್‌ಗಿಂತ ಹತ್ತಿರಕ್ಕೂ ಫೋಕಸ್ ಆಗುವಂಥದ್ದೇ ಬೇಕು. ಹಾಗಂತ ದಿನವಿಡೀ ಫೀಡರ್ ಮುಂದೆಯೇ ಕೂರಬೇಡಿ. ಬಾಗುಕೊಕ್ಕಿನ ಕಂದು ಹರ್ಮಿಟ್‌ಗಳಲ್ಲಿ ಹೆಚ್ಚಿನವು ಅಲ್ಲಿಗೆ ಬರುವುದು ಅಪರೂಪ. ಅವು ಕಾಡಿನೊಳಗಿನ ಹೆಲಿಕೋನಿಯ ಹೂಗಳನ್ನು ಒಂದೇ ದಾರಿ ಹಿಡಿದು ಸುತ್ತುತ್ತವೆ. ಹಿಂದೆ ಓಡಬೇಡಿ, ಅದೇ ಹೂವಿನ ಹತ್ತಿರ ಕಾಯಿರಿ, ಮತ್ತೆ ಬರುತ್ತದೆ.

ಫೋಟೋ ತೆಗೆಯುವವರಿಗೆ: ಶಟರ್ ವೇಗ ಸೆಕೆಂಡಿನ 1/2000 ಇದ್ದರೂ ರೆಕ್ಕೆ ಮಸುಕಾಗಿಯೇ ಬರುತ್ತದೆ. ಹೀರಿದ ಮೇಲೆ ಪ್ರತಿ ಹಕ್ಕಿಯೂ ಹೆಚ್ಚಾಗಿ ತನ್ನದೇ ಒಂದು ಕಡ್ಡಿಗೆ ಹೋಗಿ ಕೂರುತ್ತದೆ. ಆ ಕಡ್ಡಿಗೆ ಫೋಕಸ್ ಇಟ್ಟು 1/500ರಲ್ಲಿ ಕಾಯುವುದು ಎಷ್ಟೋ ವಾಸಿ.

ಅಮೆರಿಕದಲ್ಲಿ ನೆಲೆಸಿ ಅಂಗಳದಲ್ಲೇ ಫೀಡರ್ ಕಟ್ಟುವ ಕನ್ನಡಿಗರಿಗೂ ಅಳತೆ ಒಂದೇ: ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು. ಬೆಲ್ಲ ಖಂಡಿತ ಬೇಡ, ಅದರಲ್ಲಿನ ಕಬ್ಬಿಣದ ಅಂಶ ಹಕ್ಕಿಗೆ ಕೆಡುಕು. ಜೇನುತುಪ್ಪ ಬೆರೆಸಿದ ನೀರು ಬೇಗ ಹುಳಿತು ಬೂಸ್ಟು ಹಿಡಿಯುತ್ತದೆ. ಕೆಂಪು ಬಣ್ಣ ಅನಗತ್ಯ. ಬಿಸಿಲಿನ ದಿನಗಳಲ್ಲಿ ಎರಡು ದಿನಕ್ಕೊಮ್ಮೆಯಾದರೂ ಚೆಲ್ಲಿ, ಬುಡ್ಡಿ ಉಜ್ಜಿ ತೊಳೆದು ಹೊಸದು ತುಂಬಿಸಿ.

ಭಾರತದಿಂದ ಹೊರಡುವವರು ಹಳದಿ ಜ್ವರದ ಲಸಿಕೆ ಮರೆಯಬಾರದು. ಹಾಕಿಸಿ 10 ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತ. ಅದಿಲ್ಲದೆ ಈಕ್ವೆಡಾರ್‌ನಿಂದ ಮರಳಿದರೆ ಇಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಇನ್ನೊಂದು ದಿನ ಕೈಯಲ್ಲಿದ್ದರೆ ಚಿಂಬೊರಾಜೊ ಕಡೆ ಹೋಗಿ. 4,000 ಮೀಟರ್ ದಾಟಿದ ಹುಲ್ಲುಗಾವಲಲ್ಲಿ ಚುಕಿರಾಗ ಎಂಬ ಮುಳ್ಳುಪೊದೆ ಹುಡುಕಿ, ಹೂವು ಕಿತ್ತಳೆ ಬಣ್ಣದ್ದು. ನೇರಳೆ ತಲೆಯ ಹಿಲ್‌ಸ್ಟಾರ್ ಅಲ್ಲಿಗೆ ಬರುತ್ತದೆ. ತೆಳುಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಲ್ಲುವುದು ದುಬಾರಿ, ಅದಕ್ಕೇ ಅದು ಹೆಚ್ಚಾಗಿ ಗಿಡಕ್ಕೆ ಕಾಲೂರಿ ಕೂತು ಹೀರುತ್ತದೆ. ಗಾಳಿಗೆ ಬೆನ್ನು ಮಾಡಿ ಪೊದೆಯ ಪಕ್ಕ ಕೂತರೆ ಕಣ್ತುಂಬ ನೋಡಲು ಸಮಯ ಸಿಗುತ್ತದೆ.