ಫ್ಯಾನ್ ಆಫ್ ಮಾಡಿ, ಬಣ್ಣ ಕಮ್ಮಿ ಹಾಕಿ: ಡೊಂಬಿವಲಿ ಫ್ಲ್ಯಾಟಲ್ಲಿ ಜೆಲ್ ಪ್ಲೇಟ್ ಪ್ರಿಂಟ್

ಜೆಲ್ ಪ್ಲೇಟ್ ಬಗ್ಗೆ ಯೂಟ್ಯೂಬಲ್ಲಿ ಬೇಕಾದಷ್ಟು ವಿಡಿಯೋ ಉಂಟು, ಆದ್ರೆ ನಾನು ನೋಡಿದ್ದೆಲ್ಲ ಒಣ ಹವೆಯ ಊರಿನವ್ರದ್ದು, "ಬಣ್ಣ ಒಣಗಿ ಹೋಗ್ತದೆ, ಬೇಗ ಬೇಗ" ಅಂತ ಅವಸರ ಮಾಡ್ತಾರೆ. ಮುಂಬಯಿ ಕಡೆ ಜುಲೈಯಲ್ಲಿ ಒಗೆದ ಬಟ್ಟೆಯೇ ಒಣಗುದಿಲ್ಲ ಮಾರಾಯ್ರೆ, ಬಣ್ಣ ಎಲ್ಲಿಂದ ಒಣಗ್ಬೇಕು. ಅದಕ್ಕೆ ನಮ್ಮ ಈ ಗಾಳಿಯಲ್ಲಿ ನಾನು ಹೇಗೆ ಮಾಡ್ತೇನೆ ಅಂತ ಬರೀತಿದ್ದೇನೆ.

ಗೊತ್ತಿಲ್ಲದವ್ರಿಗೆ ಎರಡು ಮಾತು. ಮೆತ್ತಗಿನ ಒಂದು ಪ್ಲೇಟು, ಅದರ ಮೇಲೆ ರೋಲರಲ್ಲಿ ಅಕ್ರಿಲಿಕ್ ಬಣ್ಣ ಹರಡುದು, ಎಲೆಯೋ ದಾರವೋ ಕತ್ತರಿಸಿದ ಕಾಗದವೋ ಇಡುದು, ಮೇಲೆ ಹಾಳೆ ಹಾಕಿ ಅಂಗೈಯಲ್ಲಿ ಉಜ್ಜಿ ಎತ್ತುದು. ಪ್ರೆಸ್ ಬೇಡ, ಮಷಿನ್ ಬೇಡ. ಒಂದು ಸಲ ಬಂದ ಪ್ರಿಂಟು ಅದೇ ಥರ ಇನ್ನೊಂದು ಸಲ ಬರುದಿಲ್ಲ. ರಾಜಾ ರವಿವರ್ಮ 1894ರಲ್ಲಿ ಇದೇ ಮುಂಬಯಿಯಲ್ಲಿ ಪ್ರೆಸ್ ಹಾಕಿದ್ದು ಒಂದು ಲಕ್ಷ್ಮಿಯನ್ನು ಸಾವಿರಾರು ಮನೆಗೆ ಮುಟ್ಟಿಸ್ಲಿಕ್ಕೆ, ನಮ್ಮದು ಅದರ ಪೂರ್ತಿ ಉಲ್ಟಾ ಕೆಲಸ.

ಈಗ ಪ್ಲೇಟಿನ ವಿಷಯ, ನಮ್ಮ ಮನೆಯಲ್ಲಿ ಗಲಾಟೆ ಆದದ್ದೇ ಇದಕ್ಕೆ. ಮನೆಯಲ್ಲೇ ಪ್ಲೇಟ್ ಮಾಡ್ಬೇಕಂದ್ರೆ ಜೆಲಟಿನ್ ಬೇಕು, ಜೆಲಟಿನ್ ಅಂದ್ರೆ ಪ್ರಾಣಿಯ ಮೂಳೆ ಚರ್ಮದಿಂದ ತೆಗೆಯುವಂಥದ್ದು, ಅತ್ತೆಗೆ ಅದು ಗೊತ್ತಾದ ಕೂಡ್ಲೆ ಅಡುಗೆಮನೆಗೆ ಪ್ರವೇಶ ಇಲ್ಲ ಅಂದ್ರು. "ಚೈನಾ ಗ್ರಾಸಲ್ಲಿ ಮಾಡು, ಹೇಗೂ ಗಟ್ಟಿಯಾಗ್ತದಲ್ಲ" ಅಂತ ಸಲಹೆ ಬೇರೆ. ಗಟ್ಟಿ ಆಗುದು ಹೌದು, ಆದ್ರೆ ಅದಕ್ಕೆ ಬಾಗುವ ಗುಣ ಇಲ್ಲ, ಹಾಳೆ ಎತ್ತುವಾಗ ಅಂಚು ಪುಡಿಪುಡಿ ಆಗ್ತದೆ. ಕೊನೆಗೆ ಬಾಲ್ಕನಿಯಲ್ಲಿ ಇಂಡಕ್ಷನ್ ಇಟ್ಟು, ಬೇರೆ ಪಾತ್ರೆ ಬೇರೆ ಸೌಟು ಅಂತ ರಾಜಿ ಆಯ್ತು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಪ್ಲೇಟಲ್ಲಿ ಈ ತಕರಾರು ಇಲ್ಲ, ಅದು ಮಿನರಲ್ ಆಯಿಲ್ ಮತ್ತೆ ಒಂಥರಾ ರಬ್ಬರಿನ ಹಾಗಿನ ಪಾಲಿಮರ್, ಜೆಲಟಿನ್ ಇರುದೇ ಇಲ್ಲ. ಬೆಲೆ ಮಾತ್ರ ಜಾಸ್ತಿ.

ಮನೆಯದ್ದಕ್ಕೆ ನನ್ನ ಅಳತೆ ಹೀಗೆ: 50 ಗ್ರಾಂ ಜೆಲಟಿನ್ ಪುಡಿ, 200 ಎಂಎಲ್ ಗ್ಲಿಸರಿನ್, 200 ಎಂಎಲ್ ಕುದಿಯುವ ನೀರು. ಇದರಲ್ಲಿ ಎ5 ಸೈಜಿನ, ಅರ್ಧ ಇಂಚಿನಷ್ಟು ದಪ್ಪದ ಪ್ಲೇಟ್ ಆಗ್ತದೆ. ಪುಡಿಯನ್ನು ಮೊದ್ಲು ಅರ್ಧ ಗ್ಲಿಸರಿನಲ್ಲಿ ಕಲಸ್ಬೇಕು, ಸೀದಾ ಬಿಸಿನೀರಿಗೆ ಸುರಿದ್ರೆ ಗಂಟು ಗಂಟಾಗ್ತದೆ, ಆಮೇಲೆ ಬಿಸಿನೀರು ಹಾಕಿ ಕರಗುವ ತನಕ ಮೆಲ್ಲ ತಿರುಗಿಸಿ ಉಳಿದ ಗ್ಲಿಸರಿನ್ ಸೇರಿಸುದು. ಜೋರಾಗಿ ತಿರುಗಿಸ್ಬೇಡಿ, ನೊರೆ ಬರ್ತದೆ. ಟ್ರೇಗೆ ಹೊಯ್ದ ಮೇಲೆ ನ್ಯೂಸ್‌ಪೇಪರಿನ ಪಟ್ಟಿಯಲ್ಲಿ ಮೇಲಿನ ಗುಳ್ಳೆಗಳನ್ನೆಲ್ಲ ಒಂದು ಬದಿಗೆ ಎಳೆದು ತೆಗೀಬೇಕು, ಒಂದು ಗುಳ್ಳೆ ಉಳಿದ್ರೂ ಪ್ರತಿ ಪ್ರಿಂಟಲ್ಲೂ ಚುಕ್ಕೆ. ಗ್ಲಿಸರಿನ್ ಮೆಡಿಕಲ್ ಸ್ಟೋರಲ್ಲಿ ಸಣ್ಣ ಬಾಟ್ಲಿ ಸಿಗ್ತದೆ, ಜೆಲಟಿನ್ ಕ್ರಾಫರ್ಡ್ ಮಾರ್ಕೆಟಿನ ಬೇಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲೂ ಉಂಟು. ಗ್ಲಿಸರಿನ್ ದುಡ್ಡು ಉಳಿಸುವಾ ಅಂತ ಬರೇ ನೀರಲ್ಲಿ ಮಾಡಿದ್ರೆ ನಮ್ಮ ಈ ಹವೆಗೆ ಬೇಗನೇ ಬೂಸ್ಟು ಹಿಡೀತದೆ.

ಬಣ್ಣಕ್ಕೆ ಸ್ಟೂಡೆಂಟ್ ಅಕ್ರಿಲಿಕ್ ಸಾಕು. ಪೋಸ್ಟರ್ ಕಲರ್ ಬೇಡ, ಪ್ಲೇಟ್ ಮೇಲೆ ಹನಿಹನಿಯಾಗಿ ಒಡೀತದೆ. ಎಷ್ಟು ಹಾಕ್ಬೇಕು ಅನ್ನುದೇ ದೊಡ್ಡ ಪ್ರಶ್ನೆ, ಎ5 ಪ್ಲೇಟಿಗೆ ನಾಲ್ಕೈದು ಬಟಾಣಿಯಷ್ಟು, ಅಷ್ಟೇ. ರೋಲರ್ ಓಡಿಸುವಾಗ ಮೊದ್ಲು ಪಚಪಚ ಅಂತ ಕೇಳ್ತದೆ, ತೆಳುವಾದ ಹಾಗೆ ಅದು ಸಣ್ಣ ಸರಸರ ಶಬ್ದ ಆಗ್ತದೆ, ಅಲ್ಲಿ ನಿಲ್ಲಿಸ್ಬೇಕು. ಪಚಪಚ ಇರುವಾಗಲೇ ಎಲೆ ಇಟ್ರೆ ನರ ಎಲ್ಲ ಬಣ್ಣದಲ್ಲಿ ಮುಳುಗಿ ಬರೇ ಒಂದು ಕಲೆ ಬರ್ತದೆ.

ಎಲೆಗೆ ಅಶ್ವತ್ಥ ನಂಬರ್ ಒನ್. ನಮ್ಮ ಬಿಲ್ಡಿಂಗಿನ ಪೈಪ್ ಸಂದಿಯಲ್ಲೇ ಹುಟ್ಟಿಕೊಂಡಿದೆ, ಸೊಸೈಟಿಯವ್ರು ಕೀಳ್ತಾರೆ, ಅದು ಮತ್ತೆ ಬರ್ತದೆ. ಮಳೆಗಾಲದಲ್ಲಿ ಕಂಪೌಂಡ್ ಗೋಡೆಯ ಜರೀಗಿಡ, ನುಗ್ಗೆಸೊಪ್ಪು, ಗುಲ್‌ಮೊಹರ್. ಹಲಸಿನ ಎಲೆ ತುಂಬಾ ದಪ್ಪ, ಒಂದು ರಾತ್ರಿ ಪುಸ್ತಕದ ಅಡಿ ಇಟ್ಟ ಮೇಲೇ ಮಾತು ಕೇಳುದು. ನರ ಎದ್ದು ಕಾಣುವ ಬದಿ ಕೆಳಗೆ, ಬಣ್ಣಕ್ಕೆ ತಾಗುವ ಹಾಗೆ ಇಡ್ಬೇಕು. ಮೊದಲನೇ ಹಾಳೆ ಎತ್ತಿದ್ರೆ ಸುತ್ತ ಬಣ್ಣ, ಎಲೆಯ ಜಾಗ ಖಾಲಿ ಬಿಳಿ. ಈಗ ಎಲೆಯನ್ನು ತುದಿ ಹಿಡಿದು ತೆಗೆದು ಎರಡನೇ ಹಾಳೆ ಹಾಕಿ, ಎಲೆಯ ಅಡಿಯಲ್ಲಿ ಉಳಿದಿದ್ದ ಬಣ್ಣ ಬರ್ತದೆ, ಒಂದೊಂದು ನರ ಸಮೇತ. ಇದಕ್ಕೆ ಘೋಸ್ಟ್ ಪ್ರಿಂಟ್ ಅಂತಾರೆ, ನನಗೆ ಕೇಳಿದ್ರೆ ಮೊದಲನೇದು ಬರೇ ತಯಾರಿ, ಇದೇ ಅಸಲಿ. ಫ್ರಾನ್ಸಿನ ಡೆಗಾ 1870ರ ದಶಕದಲ್ಲಿ ಮೋನೋಟೈಪ್, ಅಂದ್ರೆ ಒಂದೇ ಪ್ರತಿ ಬರುವಂಥ ಪ್ರಿಂಟ್, ಮಾಡುವಾಗ ಹೀಗೆ ಮಾಸಲಾಗಿ ಬಂದ ಎರಡನೇ ಪ್ರಿಂಟಿನ ಮೇಲೆ ಪೇಸ್ಟಲ್ ತಿದ್ದಿ ಚಿತ್ರ ಮಾಡ್ತಿದ್ದ. ನಾನು ಬಣ್ಣದ ಪೆನ್ಸಿಲ್ ಹಾಕ್ತೇನೆ.

ಈ ಎರಡನೇ ಹಾಳೆ ಬರ್ಬೇಕಂದ್ರೆ ಎಲೆಯಡಿಯ ಬಣ್ಣ ಹಸಿ ಇರ್ಬೇಕು, ಫ್ಯಾನಿನ ವಿಷಯ ಬರುದು ಇಲ್ಲಿ. ಮುಂಬಯಿಯಲ್ಲಿ ಫ್ಯಾನ್ ಇಲ್ಲದೆ ಕೂರುದು ಶಿಕ್ಷೆಯೇ, ಆದ್ರೂ ಎಲೆ ಪ್ರಿಂಟಿಗೆ ಆಫ್ ಮಾಡ್ಲೇಬೇಕು, ಜನವರಿಯಲ್ಲಂತೂ ಇಲ್ಲದಿದ್ರೆ ಎರಡನೇ ಹಾಳೆಗೆ ಏನೂ ಸಿಗುದಿಲ್ಲ. ಜುಲೈಯಲ್ಲಿ ಆರಾಮ, ಮಧ್ಯದಲ್ಲಿ ಕುಕ್ಕರ್ ಇಳಿಸಿ ಬಂದ್ರೂ ಬಣ್ಣ ಕಾಯ್ತಾ ಇರ್ತದೆ.

ಒಂದರ ಮೇಲೊಂದು ಬಣ್ಣದ ಲೇಯರ್ ಮಾಡುವವ್ರಿಗೆ ಲೆಕ್ಕ ತಿರುಗಾಮುರುಗ, ಅಲ್ಲಿ ಕೆಳಗಿನ ಬಣ್ಣ ಒಣಗ್ಲೇಬೇಕು. ಮ್ಯಾಗಜಿನ್ ಚಿತ್ರ ಇಳಿಸುದು ಹೀಗೆ: ಕಪ್ಪು ಬಣ್ಣ ತೀರಾ ತೆಳುವಾಗಿ ಹರಡಿ, ಮ್ಯಾಗಜಿನ್ ಪುಟ ಇಲ್ಲದಿದ್ರೆ ಲೇಸರ್ ಪ್ರಿಂಟ್ ಕವುಚಿ ಹಾಕಿ ಉಜ್ಜಿ ತಕ್ಷಣ ಎತ್ತುದು. ಕಾಗದ ಖಾಲಿ ಇರುವ ಕಡೆ ಬಣ್ಣ ಹೀರಿಕೊಂಡು ಹೋಗ್ತದೆ, ಇಂಕ್ ಇರುವ ಕಡೆ ಹೀರುದಿಲ್ಲ, ಅದು ಪ್ಲೇಟಲ್ಲೇ ಚಿತ್ರವಾಗಿ ಉಳೀತದೆ. ಇಂಕ್‌ಜೆಟ್ ಪ್ರಿಂಟಲ್ಲಿ ಇದು ಆಗುದಿಲ್ಲ. ಪ್ಲೇಟಲ್ಲಿ ಉಳಿದ ಆ ಚಿತ್ರ ಪೂರ್ತಿ ಒಣಗಿದ ಮೇಲೆ ಹಳದಿಯೋ ಬಿಳಿಯೋ ಒಂದು ಹಸಿ ಪದರ ಹಾಕಿ ಹಾಳೆ ಒತ್ತಿದ್ರೆ, ಹಸಿ ಬಣ್ಣ ಒಣಗಿದ್ದನ್ನು ಹಿಡಿದು ಎಳಕೊಂಡು ಬರ್ತದೆ. "ಪೂರ್ತಿ ಒಣಗಿದ ಮೇಲೆ" ಅನ್ನುದೇ ಮಳೆಗಾಲದಲ್ಲಿ ಕಷ್ಟ, ಅರ್ಧ ಹಸಿ ಇದ್ರೆ ಮುಖ ಎಲ್ಲ ಕಲಸಿ ಹೋಗ್ತದೆ. ಹೇರ್ ಡ್ರೈಯರ್ ಬಿಸಿಗಾಳಿ ಬಿಟ್ರೆ ಜೆಲಟಿನ್ ಕರಗ್ತದೆ. ಹಾಗೆ ನಾನು ಪೋರ್ಟ್ರೇಟ್ ಎಲ್ಲ ನವೆಂಬರಿಂದ ಫೆಬ್ರವರಿಗೆ ಇಟ್ಟುಬಿಟ್ಟಿದ್ದೇನೆ, ಮಳೆಗಾಲ ಎಲೆಗೆ.

ಹಾಳೆ ಸಾದಾ 80 ಜಿಎಸ್ಎಂ ಬಾಂಡ್ ಪೇಪರ್ ನಡೀತದೆ, ಕಾರ್ಟ್ರಿಜ್ ಶೀಟ್ ಇನ್ನೂ ಒಳ್ಳೇದು. ಫೋಟೋ ಪೇಪರಿನಂಥ ಹೊಳಪಿನ ಹಾಳೆ ಪ್ಲೇಟಿಗೆ ಅಂಟಿದ್ರೆ ಮೇಲ್ಮೈ ಕಿತ್ತುಕೊಂಡೇ ಬರುದು. ರೋಲರ್ ಒರೆಸಿದ ಕಾಗದ ಬಿಸಾಡ್ಬೇಡಿ, ಕೊಲಾಜಿಗೆ ಬರ್ತದೆ.

ಪ್ಲೇಟ್ ಇಡುವಾಗ ಎರಡೂ ಬದಿಗೆ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ), ಸಮತಟ್ಟಾಗಿ. ಮೇ ತಿಂಗಳ ಸೆಕೆಗೆ ಜೆಲಟಿನ್ ಮೆತ್ತಗಾಗ್ತದೆ, ಆಗ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಲ್ಲಿ ಇಡ್ತೇನೆ, ಎಲ್ಲಕ್ಕಿಂತ ಕೆಳಗಿನ ಖಾನೆ, ಮೊಸರಿನಿಂದ ದೂರ, ಅತ್ತೆಯ ಕಂಡೀಶನ್. ತೂತು ಬಿದ್ರೆ, ಅಂಚು ಹರಿದ್ರೆ ಚಿಂತೆ ಇಲ್ಲ, ಬಣ್ಣ ತೊಳೆದು ತುಂಡು ಮಾಡಿ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ ಮತ್ತೆ ಟ್ರೇಗೆ ಹೊಯ್ಯಿರಿ, ಕುದಿಸ್ಬೇಡಿ ಮಾತ್ರ.