ಕೋಟೆ ಗುಡ್ಡ, ಹೊಲಿಗೆ ಮೆಷಿನ್ನು ಮತ್ತು ನನ್ನ ಬಲ ಮೊಣಕಾಲು

ಜನವರಿಯ ಒಂದು ಭಾನುವಾರ ಬೆಳಗ್ಗೆ ಬಳ್ಳಾರಿ ಕೋಟೆ ಗುಡ್ಡ ಹತ್ತಿದೆ. ಹತ್ತುವಾಗ ಏನೂ ಆಗಲಿಲ್ಲ. ಮೇಲೆ ನಿಂತು ನೀರು ಕುಡಿದೆ, ಎದುರಿನ ಕುಂಬಾರ ಗುಡ್ಡದ ಫೋಟೊ ತೆಗೆದೆ. ಇಳಿಯೋಕೆ ಶುರು ಮಾಡಿದೆ ನೋಡಿ, ಹತ್ತಿಪ್ಪತ್ತು ಮೆಟ್ಟಿಲು ದಾಟಿರಲಿಲ್ಲ, ಬಲ ಮೊಣಕಾಲಿನ ಚಿಪ್ಪಿನ ಹಿಂದೆ ಯಾರೋ ದಬ್ಬಳ ಚುಚ್ಚಿದ ಹಾಗಾಯಿತು. ಉಳಿದ ಮೆಟ್ಟಿಲನ್ನೆಲ್ಲ ಎಳೆಗೂಸಿನ ಹಾಗೆ ಒಂದೊಂದಕ್ಕೂ ಎರಡು ಕಾಲು ಊರಿ, ಪಕ್ಕದ ಬಂಡೆಗೆ ಕೈ ಕೊಟ್ಟು ಇಳಿದೆ.

ಈ ಕೋಟೆ ಬಗ್ಗೆ ನಮ್ಮೂರಲ್ಲಿ ಒಂದು ಕಥೆ ಹೇಳುತ್ತಾರೆ. ಎಲ್ಲ ಕಟ್ಟಿ ಮುಗಿದ ಮೇಲೆ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಅಂತ ಗೊತ್ತಾಯಿತಂತೆ, ಹೈದರ್ ಅಲಿ ತನ್ನ ಫ್ರೆಂಚ್ ಇಂಜಿನಿಯರನ್ನೇ ಗಲ್ಲಿಗೆ ಹಾಕಿಸಿದನಂತೆ. ಲೆಕ್ಕ ತಪ್ಪಿದ್ದಕ್ಕೆ. ನನ್ನದೂ ಲೆಕ್ಕ ತಪ್ಪಿತ್ತು. ಎಲ್ಲಿ ತಪ್ಪಿತ್ತು ಅಂತ ತಿಳಿಯೋಕೆ ಎರಡು ತಿಂಗಳು ಹಿಡಿಯಿತು.

ನನ್ನದು ಕೌಲ್ ಬಜಾರ್ ಕಡೆ ಒಂದು ಸಣ್ಣ ಜೀನ್ಸ್ ಹೊಲಿಗೆ ಶೆಡ್ಡು. ಆರು ಮೆಷಿನ್, ಬರೀ ಜಾಬ್ ವರ್ಕ್. ಹೆಸರಿಗೆ ಮಾಲೀಕ, ಆರ್ಡರ್ ಜಾಸ್ತಿ ಇದ್ದಾಗ ನಾನೂ ಮೆಷಿನ್ನಿಗೆ ಕೂರುತ್ತೇನೆ. ವಯಸ್ಸು 43, ಆಗ ತೂಕ 82 ಕೆ.ಜಿ. ದೀಪಾವಳಿ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಬಾರ್ಡರ್‌ಗೆ ಬಂದಿತ್ತು. ದಿನಾ ನಡೀರಿ ಅಂದರು ಡಾಕ್ಟರು. ನಡೆಯೋಕೆ ಅಂತ ಮೈದಾನಕ್ಕೆ ಹೋದರೆ ಅಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಿ ಮಾಡುವ ಹುಡುಗರ ದಂಡು. ಅವರು 1600 ಮೀಟರನ್ನ 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. ನಾನು ಬದಿಯಲ್ಲಿ ನಡೀತಿದ್ದರೆ ಸುಮ್ನೆ ಬಿಡಲಿಲ್ಲ. "ಬರ್ರಿ ಅಂಕಲ್, ಎರಡು ರೌಂಡ್ ಓಡಿ ನೋಡ್ರಿ" ಅಂದರು. ಓಡಿದೆ. ಖುಷಿಯಾಯಿತು. ಓಟ ಮುಗಿಸಿ ಎಲ್ಲ ಸೇರಿ ಒಗ್ಗರಣೆ, ಮಿರ್ಚಿ ತಿನ್ನೋದು ಇನ್ನೂ ಖುಷಿ. ಸಕ್ಕರೆ ವಿಷಯ ಆ ಹೊತ್ತಿಗೆ ನೆನಪಿಗೆ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಮೆಟ್ಟಿಲ ಮೇಲೆ ಶುರುವಾದ ನೋವು ಮೆಟ್ಟಿಲಿಗೇ ನಿಲ್ಲಲಿಲ್ಲ. ಸಮತಟ್ಟು ರಸ್ತೆಯಲ್ಲಿ ನಡೆದರೆ ಏನೂ ಇಲ್ಲ. ಮೆಷಿನ್ನಿಗೆ ಕೂತು ಮುಕ್ಕಾಲು ಗಂಟೆಯಾದರೆ ಚಿಪ್ಪಿನ ಹಿಂದೆ ಮಂದವಾಗಿ ನೋಯೋಕೆ ಶುರು. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸರಿಹೋಗುತ್ತಿತ್ತು. ನಮ್ಮ ಪವರ್ ಮೆಷಿನ್ನಿನ ಟೇಬಲ್ ಕೆಳಗೆ ಒಂದು ಪ್ಯಾಡ್ ಇರುತ್ತದೆ. ಬಲ ಮೊಣಕಾಲಿನಿಂದ ಅದನ್ನ ಹೊರಗೆ ತಳ್ಳಿದರೆ ಸೂಜಿ ಪಕ್ಕದ ಪಾದ ಮೇಲೇಳುತ್ತದೆ, ಬಟ್ಟೆ ತಿರುಗಿಸಬಹುದು. ಒಂದು ಪ್ಯಾಂಟಿಗೆ ಎಷ್ಟು ಸಲ ತಳ್ಳುತ್ತೇವೋ ದೇವರಿಗೇ ಗೊತ್ತು. ನೋವು ಬಲಗಾಲಿಗೇ ಬಂದಿದ್ದರಿಂದ ಇದೇ ಕಳ್ಳ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಆದರೆ 20 ವರ್ಷದಿಂದ ತಳ್ಳುತ್ತಿದ್ದೇನೆ, ಈಗ ಯಾಕೆ? ಆ ಪ್ರಶ್ನೆ ಆಗ ಹೊಳೆಯಲೇ ಇಲ್ಲ.

ಅವ್ವ ಎಕ್ಕದ ಎಲೆಗೆ ಎಣ್ಣೆ ಸವರಿ, ಹಂಚಿನ ಮೇಲೆ ಬಾಡಿಸಿ ಕಟ್ಟಿದಳು. ಬೆಚ್ಚಗೆ ಹಾಯಾಗಿತ್ತು, ಸುಳ್ಳು ಹೇಳಲ್ಲ. ಬೆಳಗ್ಗೆ ನೋವು ಇದ್ದ ಜಾಗದಲ್ಲೇ ಇತ್ತು. ಮೆಡಿಕಲ್ ಸ್ಟೋರಿನಲ್ಲಿ ನೀ ಕ್ಯಾಪ್, ಅಂದರೆ ಮೊಣಕಾಲಿಗೆ ಬಿಗಿಯಾಗಿ ತೊಡುವ ಪಟ್ಟಿ, ತಂದು ಹಾಕಿಕೊಂಡೆ. ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಬರೆದರು, ನೋಡಿದರು, "ಸವೆತ ಶುರುವಾಗಿದೆ, ಓಟ ಬಿಟ್ಟುಬಿಡಿ" ಅಂತ ಹೇಳಿ ಮಾತ್ರೆ ಕೊಟ್ಟರು. ಎರಡು ನಿಮಿಷದ ಮಾತು. ಮೊಣಕಾಲು ಮುಟ್ಟಿ ಕೂಡ ನೋಡಲಿಲ್ಲ.

ಮೂರು ವಾರ ಪೂರ್ತಿ ರೆಸ್ಟ್ ಮಾಡಿದೆ. ನೋವು ಹೋಯಿತು. ವಾಸಿಯಾಯಿತು ಅಂತ ಮೈದಾನಕ್ಕೆ ಹೋಗಿ ಮೊದಲ ದಿನವೇ ಹುಡುಗರ ಜೊತೆ 5 ಕಿ.ಮೀ. ಓಡಿದೆ. ಮರುದಿನ ಪಾಯಖಾನೆಯಲ್ಲಿ ಕೂತವನಿಗೆ ಏಳೋಕೆ ಗೋಡೆ ಹಿಡಿಯಬೇಕಾಯಿತು. ಇನ್ನೊಂದು ಸಲ ಮಾತ್ರೆ ನುಂಗಿ ಓಡಿದೆ. ಇದು ನಾನು ಮಾಡಿದ ಅತಿ ದಡ್ಡ ಕೆಲಸ. ನೋವಿನ ಮಾತ್ರೆ ನೋವನ್ನ ಮುಚ್ಚುತ್ತದೆ ಅಷ್ಟೆ, ಕಾಲಿನ ಮೇಲೆ ಬೀಳುವ ಭಾರ ಹಾಗೇ ಇರುತ್ತದೆ. ಜೊತೆಗೆ ನಮ್ಮ ಬಳ್ಳಾರಿ ಬಿಸಿಲಲ್ಲಿ ಬೆವರು ಹರಿಸಿ, ಸರಿಯಾಗಿ ನೀರೂ ಕುಡಿಯದೆ ಆ ಜಾತಿಯ ಮಾತ್ರೆ ತಗೊಂಡರೆ ಕಿಡ್ನಿಗೆ ಪೆಟ್ಟು. ಇದನ್ನ ಆಮೇಲೆ ಫಿಸಿಯೋಥೆರಪಿ ಮೇಡಂ ಹೇಳಿ ಚೆನ್ನಾಗಿ ಬೈದರು.

ಆ ಮೇಡಂ ಹತ್ತಿರ ನನ್ನನ್ನ ಕಳಿಸಿದ್ದು ನಮ್ಮ ಕಟಿಂಗ್ ಮಾಸ್ಟರ್. ಅವನ ಹೆಗಲು ಹಿಡಿದುಕೊಂಡಾಗ ಅಲ್ಲೇ ವಾಸಿಯಾಗಿತ್ತಂತೆ. ಮೇಡಂ ಮೊದಲು ಕಾಲು ನೋಡಲೇ ಇಲ್ಲ. ನವೆಂಬರಿನಿಂದ ವಾರವಾರ ಎಷ್ಟು ಓಡಿದಿರಿ ಹೇಳಿ ಅಂದರು. ಫೋನಿನಲ್ಲಿ ಎಲ್ಲ ಇತ್ತು, ತೆಗೆದು ಓದಿದೆ. ನವೆಂಬರ್‌ನಲ್ಲಿ ವಾರಕ್ಕೆ 8 ಕಿ.ಮೀ. ಡಿಸೆಂಬರ್‌ನಲ್ಲಿ 15. ಜನವರಿಯಲ್ಲಿ 28, ಅದರ ಮೇಲೆ ಭಾನುವಾರ ಗುಡ್ಡ. ಓದುತ್ತಾ ಹೋದ ಹಾಗೆ ನನಗೇ ನಾಚಿಕೆಯಾಯಿತು. ಹೊಸದಾಗಿ ಬಂದ ಹುಡುಗನಿಗೆ ಮೊದಲ ವಾರ ದಿನಕ್ಕೆ ಎಂಟು ಪೀಸ್ ಕೊಡುತ್ತೇನೆ. ಎರಡೇ ತಿಂಗಳಿಗೆ ಅವನ ಮುಂದೆ ಮೂರೂವರೆ ಪಟ್ಟು ರಾಶಿ ಹಾಕಿದರೆ ಹೊಲಿಗೆ ಬಿಚ್ಚಿಕೊಂಡು ಬರುತ್ತದೆ. ಹುಡುಗನದು ತಪ್ಪು ಅಂತ ಯಾರೂ ಹೇಳಲ್ಲ, ಅಲ್ವಾ? ನಾನು ಮಾತ್ರ ಮೊಣಕಾಲಿನದು ತಪ್ಪು ಅಂತಿದ್ದೆ.

ಆಮೇಲೆ ಪರೀಕ್ಷೆ. ಒಂದು ಗೇಣು ಎತ್ತರದ ಮಣೆ ಮೇಲೆ ಬಲಗಾಲಲ್ಲಿ ನಿಲ್ಲಿಸಿ, ಎದುರಿಗೆ ಕನ್ನಡಿ ಇಟ್ಟು, ಎಡ ಹಿಮ್ಮಡಿ ನೆಲಕ್ಕೆ ತಾಗುವವರೆಗೆ ನಿಧಾನಕ್ಕೆ ಬಗ್ಗಿ ಅಂದರು. ಕನ್ನಡಿಯಲ್ಲಿ ನೋಡಿದೆ. ಬಗ್ಗಿದ ಹಾಗೆಲ್ಲ ಬಲ ಮೊಣಕಾಲು ಹೆಬ್ಬೆರಳು ದಾಟಿ ಒಳಗೆ ವಾಲುತ್ತಿತ್ತು, ಸೊಂಟ ಎಡಕ್ಕೆ ಜಾರುತ್ತಿತ್ತು. ಕಾಲು ಗಡಗಡ ನಡುಗುತ್ತಿತ್ತು. ಎಡಗಾಲಲ್ಲಿ ಇಷ್ಟು ಇರಲಿಲ್ಲ.

ಅವರು ವಿವರಿಸಿದ್ದು ಹೀಗೆ. ಮೊಣಕಾಲಿನ ಚಿಪ್ಪು ಬಾವಿಯ ರಾಟೆ ಇದ್ದ ಹಾಗೆ. ತೊಡೆಯ ಮುಂದಿನ ಸ್ನಾಯು ಹಗ್ಗ. ಕಾಲು ಮಡಚಿದಷ್ಟೂ ಹಗ್ಗ ಬಿಗಿಯಾಗಿ, ಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ನಡೆಯುವಾಗ ಈ ಒತ್ತಡ ಹೆಚ್ಚುಕಮ್ಮಿ ಮೈತೂಕದಷ್ಟು, ಮೆಟ್ಟಿಲಿನಲ್ಲಿ ಸುಮಾರು ಮೂರು ಪಟ್ಟು, ಓಡುವಾಗ ಸುಮಾರು ಐದು ಪಟ್ಟು. ನನ್ನ 82 ಕೆ.ಜಿ.ಗೆ ಗುಣಿಸಿದರೆ ಹೆಜ್ಜೆಹೆಜ್ಜೆಗೂ ನಾಲ್ಕು ಕ್ವಿಂಟಲ್! ತೊಡೆ, ಸೊಂಟದ ಸ್ನಾಯು ಗಟ್ಟಿಯಿದ್ದು, ಭಾರ ನಿಧಾನಕ್ಕೆ ಏರಿದರೆ ಮೊಣಕಾಲು ಇದಕ್ಕೆ ಹೊಂದಿಕೊಳ್ಳುತ್ತದೆ. ನಾನು ಹೊಂದಿಕೊಳ್ಳೋಕೆ ಸಮಯವೇ ಕೊಟ್ಟಿರಲಿಲ್ಲ. ಮೆಷಿನ್ನಿಗೆ ಕೂತಾಗ ನೋವು ಬರುತ್ತಿದ್ದದ್ದೂ ಇದಕ್ಕೇ. ಪ್ಯಾಡ್ ತಳ್ಳಿದ್ದರಿಂದಲ್ಲ, ಕಾಲು ಮಡಚಿ ಅಲುಗಾಡದೆ ಕೂತಿದ್ದರಿಂದ. ಸಿನಿಮಾ ಟಾಕೀಸಿನಲ್ಲಿ ಮೂರು ಗಂಟೆ ಕೂತರೂ ಹೀಗೇ ನೋಯುತ್ತದೆ.

ಎಕ್ಸ್‌ರೇ ತೋರಿಸಿ "ಸವೆತ?" ಅಂತ ಕೇಳಿದೆ. ನಿಮ್ಮ ವಯಸ್ಸಿಗೆ ಇದು ಮಾಮೂಲಿ, ಈ ನೋವಿಗೆ ಎಕ್ಸ್‌ರೇಯಲ್ಲಿ ಕಾರಣ ಸಿಗೋದು ಕಮ್ಮಿ ಅಂದರು. ಓಡಿದರೆ ಕೀಲು ಸವೆಯುತ್ತೆ ಅಂತ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. 2017ರಲ್ಲಿ ಬಂದ ಒಂದು ಅಧ್ಯಯನ ಹಲವು ಸಂಶೋಧನೆಗಳನ್ನ ಒಟ್ಟು ಹಾಕಿ ನೋಡಿತ್ತು. ಹವ್ಯಾಸಕ್ಕೆ ಓಡುವವರಲ್ಲಿ ಸೊಂಟ, ಮೊಣಕಾಲಿನ ಸಂಧಿವಾತ ಶೇ. 3.5 ಮಂದಿಗೆ, ಓಡದೇ ಕೂತವರಲ್ಲಿ ಶೇ. 10.2 ಮಂದಿಗೆ ಇತ್ತು. ಪೈಪೋಟಿಗೆ ಬಿದ್ದು ಓಡುವವರಲ್ಲಿ ಮಾತ್ರ ಶೇ. 13.3. ಓಡೋದರಿಂದಲೇ ಕಮ್ಮಿಯಾಯಿತು ಅಂತ ಇದರಿಂದ ಹೇಳೋಕಾಗಲ್ಲ, ಗಟ್ಟಿ ಕಾಲಿನವರೇ ಓಡುತ್ತಿರಬಹುದು. ಆದರೆ ನನ್ನ ತಲೆಯಲ್ಲಿದ್ದ ಭಯ ಅವತ್ತು ಅರ್ಧ ಇಳಿಯಿತು.

ಇನ್ನು ವ್ಯಾಯಾಮ. ಬೇಜಾರಿನ ಕೆಲಸ, ಆದರೆ ನನ್ನನ್ನ ಓಡೋಕೆ ವಾಪಸ್ ಕಳಿಸಿದ್ದು ಇದೇ. ವಾರಕ್ಕೆ ಮೂರು ದಿನ, ಶೆಡ್ ತೆಗೆಯೋ ಮೊದಲು. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಲ್ಲಿ ಕೂತ ಹಾಗೆ ಜಾರಿ ನಿಲ್ಲೋದು, 30 ಸೆಕೆಂಡ್, ಐದು ಸಲ. ಮೊದಲು ಪೂರ್ತಿ ಕೂರೋಕೆ ನೋವಾಗುತ್ತಿತ್ತು, ಅರ್ಧಕ್ಕೇ ನಿಲ್ಲುತ್ತಿದ್ದೆ. ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತೋದು, 15ರ ಮೂರು ಸುತ್ತು. ಆಮೇಲೆ ಎರಡೂ ಕಾಲಿಗೆ ಎಲಾಸ್ಟಿಕ್ ಹಾಕಿ, ಸ್ವಲ್ಪ ಬಗ್ಗಿ, ಏಡಿಯ ಹಾಗೆ ಪಕ್ಕಕ್ಕೆ ಹೆಜ್ಜೆ ಹಾಕೋದು. ಅಂಗಡಿಯಲ್ಲಿ ಅದಕ್ಕೆ ಅಂತ ಬ್ಯಾಂಡ್ ಸಿಗುತ್ತದೆ. ನಾನು ಲೇಡೀಸ್ ಪ್ಯಾಂಟಿನ ಸೊಂಟಕ್ಕೆ ಹಾಕುವ ಎರಡಿಂಚಿನ ಎಲಾಸ್ಟಿಕ್ ಕತ್ತರಿಸಿ, ಎರಡು ಪದರ ಮಾಡಿ, ಓವರ್‌ಲಾಕ್ ಹೊಡೆದು ಬಳೆ ಮಾಡಿಕೊಂಡೆ. ಹುಡುಗರು ಮೂರು ದಿನ ನಕ್ಕರು.

ಕೊನೆಯದು, ಅತಿ ಕಷ್ಟದ್ದು, ಆ ಮಣೆಯಿಂದ ಇಳಿಯುವ ವ್ಯಾಯಾಮ. ಮನೆಯಲ್ಲಿ ಹೊಸ್ತಿಲ ಮೇಲೆ ನಿಂತು ಮಾಡೋಕೆ ಹೋದೆ. "ಹೊಸ್ತಿಲ ಮೇಲೆ ನಿಲ್ತಾರೇನ್ರಿ?" ಅಂತ ಹೆಂಡತಿ ಗದರಿದಳು. ಹಿತ್ತಲ ಮೆಟ್ಟಿಲಿಗೆ ವರ್ಗ ಆಯಿತು. ಮೂರು ಎಣಿಸುತ್ತಾ ಇಳಿಯಬೇಕು, ಮೊಣಕಾಲು ಎರಡನೇ ಬೆರಳಿನ ನೇರಕ್ಕೇ ಇರಬೇಕು. ಅಳತೆಗೆ ಅಂತ ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ ಮೆಟ್ಟಿಲ ಮೇಲೆ ಒಂದು ಗೆರೆ ಎಳೆದಿದ್ದೆ. ಮೊದಲ ವಾರ ಎಂಟಕ್ಕೇ ಸುಸ್ತು. ಆರನೇ ವಾರಕ್ಕೆ 15ರ ಮೂರು ಸುತ್ತು ಆಯಿತು. ಆಮೇಲೆ ಕೈಯಲ್ಲಿ 5 ಲೀಟರ್ ನೀರಿನ ಕ್ಯಾನ್ ಹಿಡಿದೆ.

ನೋವು ಬಂದರೆ ನಿಲ್ಲಿಸಬೇಕಾ ಅಂತ ಕೇಳಿದ್ದಕ್ಕೆ ಮೇಡಂ ಒಂದು ಅಳತೆ ಕೊಟ್ಟರು. ಹತ್ತಕ್ಕೆ ಎರಡು, ಮೂರರಷ್ಟು ನೋವು ಪರವಾಗಿಲ್ಲ, ಮರುದಿನ ಬೆಳಗ್ಗೆಗೆ ಮೊದಲಿನಷ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಮುಂದಿನ ಸಲ ಕಮ್ಮಿ ಮಾಡಿ, ಆದರೆ ಪೂರ್ತಿ ಬಿಡಬೇಡಿ. ಪೀಸ್ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಇದನ್ನ ಬರೆಯುತ್ತಾ ಹೋದೆ. ಎಷ್ಟು ಓಡಿದೆ, ಓಡುವಾಗ ಎಷ್ಟು ನೋವು, ಬೆಳಗ್ಗೆ ಎಷ್ಟು. ಮೂರೇ ಕಲಂ.

ಓಟಕ್ಕೆ ವಾಪಸ್ ಬಂದಿದ್ದು ಮಾರ್ಚ್ ಕೊನೆಗೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಹುಡುಗರು ಪಕ್ಕದಲ್ಲೇ ಬಾಣದ ಹಾಗೆ ಹೋಗುತ್ತಿದ್ದರೆ ಇದು ಮರ್ಯಾದೆಗೆ ಕಷ್ಟ. ಅದಕ್ಕೇ ಅವರು ಬರೋ ಮೊದಲು, ಐದು ಗಂಟೆಗೇ ಮುಗಿಸುತ್ತಿದ್ದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಹೇಗೂ ಅದೇ ಒಳ್ಳೆ ಹೊತ್ತು.

ಹೆಜ್ಜೆ ಲೆಕ್ಕವನ್ನೂ ಬದಲಿಸಿದೆ. 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ನೆಲಕ್ಕೆ ಬೀಳುತ್ತೆ ಎಣಿಸಿದರೆ 39. ಅಂದರೆ ನಿಮಿಷಕ್ಕೆ 156 ಹೆಜ್ಜೆ. ಉದ್ದುದ್ದ ಹೆಜ್ಜೆ ಹಾಕಿ, ಕಾಲನ್ನ ಮೈಗಿಂತ ಎಷ್ಟೋ ಮುಂದೆ ಊರುತ್ತಿದ್ದೆ. ವೇಗ ಅಷ್ಟೇ ಇಟ್ಟುಕೊಂಡು ಹೆಜ್ಜೆ ಚಿಕ್ಕದು ಮಾಡಿ, ಆ 39ನ್ನ 42ಕ್ಕೆ ತನ್ನಿ ಅಂದರು ಮೇಡಂ. ಹೆಜ್ಜೆ ಶೇ. 5ರಿಂದ 10ರಷ್ಟು ಜಾಸ್ತಿಯಾದರೂ ಚಿಪ್ಪಿನ ಮೇಲಿನ ಒತ್ತಡ ಇಳಿಯುತ್ತದೆ. ಮೊದಮೊದಲು ಯಾರದೋ ಚಪ್ಪಲಿ ಹಾಕಿಕೊಂಡು ಓಡಿದ ಹಾಗಿತ್ತು. ಹತ್ತು ದಿನಕ್ಕೆ ಒಗ್ಗಿತು. ನನ್ನ ಕೇಳಿದರೆ ಶೂಗೆ ದುಡ್ಡು ಸುರಿಯೋ ಮೊದಲು ಇದನ್ನ ಮಾಡಿ ನೋಡಬೇಕು, ಪೈಸೆ ಖರ್ಚಿಲ್ಲ.

ಎಲ್ಲ ಮೊಣಕಾಲು ನೋವೂ ನನ್ನ ಥರದ್ದೇ ಆಗಿರಬೇಕಿಲ್ಲ. ಮೈದಾನದ ಒಬ್ಬ ಹುಡುಗನಿಗೆ ಹೊರಬದಿಯಲ್ಲಿ ನೋವು, ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ ದೂರ ಓಡಿದ ಮೇಲೆ ಶುರುವಾಗುತ್ತಿತ್ತು. ಅವನದು ತೊಡೆಯ ಹೊರಗಿನ ಪಟ್ಟಿಯ ತೊಂದರೆ. ಮೊಣಕಾಲು ಊದಿಕೊಂಡರೆ, ಮಡಚಿದ ಕಾಲು ಸಿಕ್ಕಿಕೊಂಡು ಬಿಚ್ಚದಿದ್ದರೆ, ನಡೆಯುವಾಗ ಕುಸಿದರೆ, ಬಿದ್ದ ಪೆಟ್ಟಿನಿಂದ ನೋವು ಬಂದಿದ್ದರೆ, ಕೆಂಪಾಗಿ ಜ್ವರ ಬಂದರೆ ಅಥವಾ ರಾತ್ರಿ ಮಲಗಿದಾಗಲೂ ಬಿಡದೆ ನೋಯುತ್ತಿದ್ದರೆ ಎಲಾಸ್ಟಿಕ್, ಮೆಟ್ಟಿಲು ಅಂತ ಕೂರಬೇಡಿ. ಮೂಳೆ ಡಾಕ್ಟರ ಹತ್ತಿರ ಹೋಗಿ.

ಜೂನ್ ಹೊತ್ತಿಗೆ ನಿಲ್ಲಿಸದೆ 3 ಕಿ.ಮೀ. ಓಡಿದೆ. ಒಂದು ವಾರ ನೂರಾರು ಪೀಸಿನ ಅರ್ಜೆಂಟ್ ಆರ್ಡರ್ ಬಂದು ದಿನಕ್ಕೆ ಹತ್ತು ಗಂಟೆ ಮೆಷಿನ್ನಿಗೆ ಕೂತಾಗ ನೋವು ಮತ್ತೆ ನಾಲ್ಕಕ್ಕೆ ಏರಿತು. ಆ ವಾರ ಓಟ ಅರ್ಧ ಮಾಡಿದೆ, ಅರ್ಧ ಗಂಟೆಗೊಮ್ಮೆ ಎದ್ದು ಬಾಗಿಲವರೆಗೆ ಹೋಗಿ ಬಂದೆ, ಇಳಿಯಿತು. ಈಗ ವಾರಕ್ಕೆ 20 ಕಿ.ಮೀ., ತೂಕ 77. ಗುಡ್ಡ ತಿಂಗಳಿಗೊಮ್ಮೆ. ಹತ್ತೋದು ಹೇಗಾದರೂ ಸರಿ, ಇಳಿಯುವಾಗ ಮಾತ್ರ ಮೂರು ಎಣಿಸುತ್ತೇನೆ.

ನೀ ಕ್ಯಾಪ್ ಸುಮ್ನೆ ಬಿದ್ದಿತ್ತು. ಮೆಷಿನ್ ಕೆಳಗಿನ ಆ ಕಬ್ಬಿಣದ ಪ್ಯಾಡಿನ ಸ್ಪಂಜು ಹರಿದುಹೋಗಿತ್ತು. ಅದಕ್ಕೆ ತೊಡಿಸಿದ್ದೇನೆ, ಅಳತೆ ಸರಿಯಾಗಿ ಕೂತಿದೆ.