ದೊಡ್ಡಮ್ಮ ಯಾವ ಕಡೆಯವರು? ಸಕ್ಕರೆ ಕಾಯಿಲೆಯ ವಂಶವೃಕ್ಷ ಬರೆಯೋದು ಹೇಗೆ

ಅಮ್ಮನಿಗೆ 38ಕ್ಕೇ ಸಕ್ಕರೆ ಕಾಯಿಲೆ ಬಂತು. ಆಳು ಸಣಕಲು. ಕಿವಿಯೂ ಮಂದ. "ಮಂಡ್ಯದವರು, ಬೆಲ್ಲ ಜಾಸ್ತಿ ತಿಂದಿರ್ತೀರಿ" ಎಂದು ಒಬ್ಬ ಡಾಕ್ಟರು ನಕ್ಕು ಕಳಿಸಿದ್ದರು. ಚಿಕ್ಕಮ್ಮನಿಗೂ ಅದೇ ಜೋಡಿ ಶುರುವಾದಾಗ ನಾನು ಬಟ್ಟೆ ಕಟಿಂಗ್ ಮಾಡುವ ಕಂದು ಹಾಳೆ ಹರಡಿಕೊಂಡು ಕೂತೆ. ಗುತ್ತಲಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಮುಂದೆ ಆ ಹಾಳೆ ನೋಡಿಯೇ ಇನ್ನೊಬ್ಬ ಡಾಕ್ಟರು ಜೀನ್ ಪರೀಕ್ಷೆಗೆ ಬರೆದರು.

ಹಾಳೆಯ ಮೇಲ್ತುದಿಯಲ್ಲಿ ಅಮ್ಮನ ಅಮ್ಮನನ್ನು ಬರೆಯಿರಿ. ಹೆಂಗಸರಿಗೆ ಸುತ್ತು, ಗಂಡಸರಿಗೆ ಚೌಕ. ಯಾಕೆ ಅಜ್ಜಿಯಿಂದಲೇ ಅಂದರೆ, ಜೀವಕೋಶಕ್ಕೆ ಶಕ್ತಿ ಮಾಡಿಕೊಡುವ ಮೈಟೊಕಾಂಡ್ರಿಯಾಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇದೆ, 37 ಜೀನ್‌ಗಳದ್ದು. ಅದು ಬರುವುದು ತಾಯಿಯಿಂದ ಮಾತ್ರ. ಅದರ 3243ನೇ ಜಾಗದಲ್ಲಿ ಒಂದು ಅಕ್ಷರ ಬದಲಾದರೆ ಸಕ್ಕರೆ ಕಾಯಿಲೆ, ಕಿವುಡು ಎರಡೂ ಬರಬಹುದು. ಅಮ್ಮನಿಗೆ ಸಿಕ್ಕಿದ್ದು ಅದೇ. ಸಕ್ಕರೆ ಕಾಯಿಲೆ ಇರುವ ಎಲ್ಲರಿಗೂ ಇದಲ್ಲ, ಬಹಳ ಕಡಿಮೆ ಜನಕ್ಕೆ.

ಎಡವುವುದು ಸಂಬಂಧದ ಹೆಸರಲ್ಲಿ. ದೊಡ್ಡಪ್ಪನ ಹೆಂಡತಿಯೂ ದೊಡ್ಡಮ್ಮ, ಅಮ್ಮನ ಅಕ್ಕನೂ ದೊಡ್ಡಮ್ಮ. ಹಾಗಾಗಿ "ಅಮ್ಮನ ಅಕ್ಕ" ಅಂತಲೇ ಬರೆಯಿರಿ. ಸೋದರಮಾವನಿಗೆ ಕಾಯಿಲೆ ಬರಬಹುದು, ಅವನಿಂದ ಅವನ ಮಕ್ಕಳಿಗೆ ಹೋಗುವುದಿಲ್ಲ. ಆದರೆ ಮಾವ ಅಕ್ಕನ ಮಗಳನ್ನೇ ಮದುವೆಯಾಗಿದ್ದರೆ? ನಮ್ಮ ಕಡೆ ಇದು ಮಾಮೂಲಿ ಅಲ್ವಾ. ಆಗ ಮಕ್ಕಳಿಗೆ ಅವರಮ್ಮನಿಂದ ಬರಬಹುದು. ಅಂಥ ಮದುವೆಗೆ ಎರಡು ಗೆರೆ ಎಳೆಯಿರಿ.

ಒಬ್ಬೊಬ್ಬರ ಪಕ್ಕ ಸಕ್ಕರೆ ಬಂದ ವಯಸ್ಸು, ಮೈಕಟ್ಟು, ಕಿವಿ ಹೇಗಿದೆ ಅಂತ ಬರೆಯಿರಿ. ಫಿಟ್ಸ್, ಚಿಕ್ಕ ವಯಸ್ಸಲ್ಲೇ ಲಕ್ವ, ಹೃದಯದ ತೊಂದರೆ ಇದ್ದರೆ ಅದನ್ನೂ. "ಕಿವಿ ಕೇಳಿಸುತ್ತಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಕುಕ್ಕರ್ ವಿಷಲ್ ಎಣಿಸೋಕೆ ಆಗುತ್ತಾ, ಮೊಮ್ಮಗುವಿನ ಮಾತು ತಿಳಿಯುತ್ತಾ ಅಂತ ಕೇಳಿ. ಮೊದಲು ಕೇಳಿಸದಾಗುವುದು ಕೀರಲು ದನಿ. ಅನುಮಾನ ಇದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ, ಆ ಗ್ರಾಫ್ ಹಾಳೆಗೆ ಪಿನ್ ಮಾಡಿ.

ಅಕ್ಕನಿಗೆ ಜೋರು, ತಂಗಿಗೆ ಏನೂ ಇಲ್ಲ ಅಂದರೆ ಸುಳ್ಳು ಅಂದುಕೊಳ್ಳಬೇಡಿ. ತಾಯಿಯಿಂದ ಬರುವ ಈ ಡಿಎನ್‌ಎಯ ಪ್ರತಿಗಳಲ್ಲಿ ಒಳ್ಳೆಯವೂ ಕೆಟ್ಟವೂ ಬೆರೆತಿರುತ್ತವೆ, ಕಲ್ಲು ಬೆರೆತ ರಾಗಿ ಮೂಟೆಯಿಂದ ಒಂದೊಂದು ಹಿಡಿ ತೆಗೆದ ಹಾಗೆ. ಒಂದು ಹಿಡಿಯಲ್ಲಿ ಕಲ್ಲು ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ವಯಸ್ಸಾದಂತೆ ರಕ್ತದಲ್ಲಿ ಕೆಟ್ಟ ಪ್ರತಿಗಳು ಕಡಿಮೆಯಾಗುತ್ತವೆ, ರಕ್ತದ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು. ಅದಕ್ಕೇ ಮೂತ್ರದ ಪರೀಕ್ಷೆಯೂ ಬೇಕಾ ಅಂತ ಡಾಕ್ಟರನ್ನು ಕೇಳಿ.

ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಈ ಕಾಯಿಲೆಯಲ್ಲಿ ಅದರಿಂದ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಭಯವಿದೆ. ಹಾಗಂತ ನೀವೇ ನಿಲ್ಲಿಸಬೇಡಿ. ಅಮ್ಮನಿಗೆ ಡಾಕ್ಟರೇ ಅದನ್ನು ಬಿಡಿಸಿ ಇನ್ಸುಲಿನ್ ಕೊಟ್ಟರು.

ನಮ್ಮ ಹಾಳೆಯಲ್ಲಿ ಇನ್ನೂ ಎರಡು ಸುತ್ತು ಖಾಲಿ, ಚಿಕ್ಕಮ್ಮನ ಹೆಣ್ಣುಮಕ್ಕಳದ್ದು. ಮದುವೆಗೆ ಗಂಡು ನೋಡುತ್ತಿದ್ದಾರೆ, ಈಗ ಕೇಳಬೇಡ ಅಂದರು ಚಿಕ್ಕಮ್ಮ. ನಾನೂ ಬಲವಂತ ಮಾಡಿಲ್ಲ. ಪೆನ್ಸಿಲ್‌ನಲ್ಲಿ ಹೆಸರಷ್ಟೇ ಬರೆದಿಟ್ಟಿದ್ದೇನೆ.